ಒಂದು ಸಾಲಿನ ತಿದ್ದುಪಡಿ: ಡ್ರೈವರ್ ತಂತ್ರಾಂಶದ ಪರಿಶೀಲನೆ ಬೆಳೆದು ಬಂದ ಬಗೆ

ಗಣಕಯಂತ್ರದ ಇತಿಹಾಸ ಎಂದೊಡನೆ ನಮ್ಮ ಕಣ್ಣೆದುರು ಬರುವುದು ದೊಡ್ಡ ಶೋಧಗಳು, ದೊಡ್ಡ ಹೆಸರುಗಳು. ಆದರೆ ಆ ಇತಿಹಾಸಕ್ಕೆ ಅಷ್ಟಾಗಿ ಹೇಳದೆ ಉಳಿದ ಇನ್ನೊಂದು ಮುಖವಿದೆ. ಒಬ್ಬರು ಬರೆದ ತಂತ್ರಾಂಶವನ್ನು ಮತ್ತೊಬ್ಬರು ಸಾಲು ಸಾಲಾಗಿ ಓದಿ, ತಪ್ಪಿದ್ದರೆ ತೋರಿಸಿ, ಸರಿಯಿದ್ದರೆ ತಮ್ಮ ಹೆಸರು ಹಾಕಿ ಒಪ್ಪಿಗೆ ಕೊಡುವ ಪದ್ಧತಿಯ ಇತಿಹಾಸ ಅದು. ಅದರಲ್ಲಿಯೂ ತೀರ ಸಣ್ಣ ಬದಲಾವಣೆಗಳನ್ನು, ಅಂದರೆ ಒಂದೆರಡು ಸಾಲು ಶುಚಿಗೊಳಿಸುವ ತಿದ್ದುಪಡಿಗಳನ್ನು, ಓದಿ ಒಪ್ಪುವ ಕೆಲಸ ಹೇಗೆ ಬೆಳೆದು ಬಂತು, ಅದಕ್ಕೆ ಇಷ್ಟು ಎಚ್ಚರಿಕೆ ಏಕೆ ಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ಎರಡು ಮಾತುಗಳ ಅರ್ಥ ತಿಳಿಯಬೇಕು. ಗಣಕಯಂತ್ರದ ಎಲ್ಲ ಭಾಗಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಕೀಲಿಮಣೆ, ಮುದ್ರಣಯಂತ್ರ, ಕ್ಯಾಮೆರಾ, ಜಾಲಸಂಪರ್ಕದ ಕಾರ್ಡು ಮುಂತಾದ ಪ್ರತಿಯೊಂದು ಸಾಧನಕ್ಕೂ ತನ್ನದೇ ಆದ ರೀತಿನೀತಿ ಇರುತ್ತದೆ. ಆ ಸಾಧನದ ಜೊತೆ ಮಾತನಾಡಿ ಕೆಲಸ ಮಾಡಿಸುವ ತಂತ್ರಾಂಶದ ತುಂಡೇ ಡ್ರೈವರ್. ಡ್ರೈವರ್ ತಪ್ಪಿದರೆ ಕೆಡುವುದು ಆ ಒಂದು ಸಾಧನ ಮಾತ್ರವಲ್ಲ. ಅನೇಕ ವ್ಯವಸ್ಥೆಗಳಲ್ಲಿ ಅದು ತಿರುಳಿನ ಒಳಗೇ, ಎಂದರೆ ಕರ್ನೆಲ್‌ನೊಳಗೇ ಇರುವುದರಿಂದ ಇಡೀ ಯಂತ್ರವೇ ನಿಂತುಹೋಗಬಹುದು.

ಉತಾರದ ಉದಾಹರಣೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ರೈತಾಪಿ ಮನೆಗಳ ಮಕ್ಕಳಿಗೆ ಈ ವಿಷಯ ಅರ್ಥವಾಗಲು ದೂರ ಹೋಗಬೇಕಾಗಿಲ್ಲ. ಮನೆಯಲ್ಲಿರುವ ಹೊಲದ ಉತಾರ, ಅಂದರೆ ಪಹಣಿ, ತೆಗೆದು ನೋಡಿದರೆ ಸಾಕು. ಅದರಲ್ಲಿ ಒಂದು ಹೆಸರು ಬದಲಾಗಬೇಕಾದರೆ ಯಾರೋ ಬಂದು ಗೀಚಿ ಹೋಗುವಂತಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕಾರ ಬದಲಾವಣೆಯನ್ನು ಪ್ರತ್ಯೇಕ ದಾಖಲೆಯಲ್ಲಿ ನಮೂದಿಸಬೇಕು, ಸಂಬಂಧಪಟ್ಟವರಿಗೆ ನೋಟೀಸು ಕೊಡಬೇಕು, ತಕರಾರು ಬಂದರೆ ಬರೆದುಕೊಳ್ಳಬೇಕು, ಅಧಿಕಾರಿ ನೋಡಿ ಸಹಿ ಮಾಡಬೇಕು. ಬದಲಾಗುವುದು ಒಂದೇ ಅಕ್ಷರವಾದರೂ ಅದರ ಹಿಂದೆ ಯಾರು ಬರೆದರು, ಏಕೆ ಬರೆದರು, ಯಾರು ಒಪ್ಪಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಉಳಿದಿರಬೇಕು. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಎಷ್ಟು ವರ್ಷ ತಹಶೀಲ್ದಾರರ ಕಚೇರಿಗೆ ಅಲೆಯಬೇಕಾಗುತ್ತದೆ ಎಂಬುದನ್ನು ಹಿರಿಯರನ್ನು ಕೇಳಿದರೆ ಹೇಳುತ್ತಾರೆ.

ತಂತ್ರಾಂಶದ ಜಗತ್ತು ಇದೇ ಮೂರು ಪ್ರಶ್ನೆಗಳನ್ನು ಕೇಳಲು ಕಲಿತದ್ದು ನಿಧಾನವಾಗಿ, ಪೆಟ್ಟು ತಿಂದ ಮೇಲೆ.

ಪದ್ಧತಿಯ ಆರಂಭ

ಎರಡು ಕಡತಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಸಾಲು ಸಾಲಾಗಿ ಹೊರತೆಗೆದು ತೋರಿಸುವ 'ಡಿಫ್' ಎಂಬ ಉಪಕರಣ 1974ರಲ್ಲಿ ಯುನಿಕ್ಸ್ ವ್ಯವಸ್ಥೆಯ ಜೊತೆ ಹೊರಬಂತು. ಅದನ್ನು ರೂಪಿಸಿದವರಲ್ಲಿ ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್‌ರಾಯ್ ಮುಖ್ಯರು. 1976ರಲ್ಲಿ ಐಬಿಎಂ ಸಂಸ್ಥೆಯ ಮೈಕೆಲ್ ಫೇಗನ್ ಅವರು, ಬರೆದ ತಂತ್ರಾಂಶವನ್ನು ಯಂತ್ರದಲ್ಲಿ ಓಡಿಸಿ ನೋಡುವ ಮೊದಲೇ ಸಹೋದ್ಯೋಗಿಗಳು ಒಟ್ಟಿಗೆ ಕುಳಿತು ಓದಿದರೆ ಅನೇಕ ದೋಷಗಳು ಅಲ್ಲಿಯೇ ಸಿಕ್ಕುತ್ತವೆ ಎಂದು ಒಂದು ಪ್ರಬಂಧದಲ್ಲಿ ತೋರಿಸಿಕೊಟ್ಟರು. 1985ರಲ್ಲಿ ಲ್ಯಾರಿ ವಾಲ್ ಅವರು ಬರೆದ 'ಪ್ಯಾಚ್' ಎಂಬ ಉಪಕರಣ, ಡಿಫ್ ತೋರಿಸಿದ ವ್ಯತ್ಯಾಸವನ್ನು ಇನ್ನೊಬ್ಬರ ಪ್ರತಿಗೆ ತಾನಾಗಿಯೇ ಅಂಟಿಸುವ ಅನುಕೂಲ ಮಾಡಿಕೊಟ್ಟಿತು. ಹರಿದ ಬಟ್ಟೆಗೆ ಹಾಕುವ ತೇಪೆಯ ಹೆಸರನ್ನೇ ತಂತ್ರಾಂಶದ ತಿದ್ದುಪಡಿಗೂ ಬಳಸುವ ರೂಢಿ ಇದರಿಂದ ಇನ್ನಷ್ಟು ಗಟ್ಟಿಯಾಯಿತು.

ಇದರಿಂದಾದ ಲಾಭ ದೊಡ್ಡದು. ಸಾವಿರಾರು ಸಾಲುಗಳ ತಂತ್ರಾಂಶವನ್ನು ಪೂರ್ತಿ ಕಳಿಸುವ ಬದಲು ಬದಲಾದ ನಾಲ್ಕು ಸಾಲು ಮಾತ್ರ ಕಳಿಸಬಹುದು. ಓದುವವನಿಗೂ ಏನು ಹೋಯಿತು, ಏನು ಬಂತು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ಕರ್ನೆಲ್ ಅನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟಾಗ, ಜಗತ್ತಿನ ನಾನಾ ಕಡೆಯಿಂದ ಜನ ತಿದ್ದುಪಡಿ ಕಳಿಸಲು ಸಾಧ್ಯವಾದದ್ದು ಈ ಎರಡು ಸರಳ ಉಪಕರಣಗಳಿಂದ.

ಡ್ರೈವರುಗಳಲ್ಲಿ ದೋಷ ಹೆಚ್ಚೇಕೆ?

1994ರಲ್ಲಿ ಲಿನಕ್ಸ್‌ನ ಮೊದಲ ಪೂರ್ಣ ಆವೃತ್ತಿ ಬಂದಾಗ ಅದರಲ್ಲಿ ಸುಮಾರು 1.76 ಲಕ್ಷ ಸಾಲುಗಳಿದ್ದವು. 2025ರ ಆರಂಭದ ಹೊತ್ತಿಗೆ ಅದು ಸುಮಾರು 4 ಕೋಟಿ ಸಾಲುಗಳಿಗೆ ಬೆಳೆದಿತ್ತು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡ್ರೈವರುಗಳದ್ದೇ. ಹೊಸ ಸಾಧನ ಬಂದಾಗಲೆಲ್ಲ ಹೊಸ ಡ್ರೈವರ್ ಬೇಕಾಗುತ್ತದೆ. ಹಳೆಯ ಸಾಧನ ಮೂಲೆ ಸೇರಿದರೂ ಅದರ ಡ್ರೈವರ್ ಬಹುಕಾಲ ಉಳಿದಿರುತ್ತದೆ.

2001ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್‌ನ ಅನೇಕ ಆವೃತ್ತಿಗಳನ್ನು ಯಂತ್ರದ ಮೂಲಕವೇ ಜಾಲಾಡಿ ನೋಡಿದರು. ಕೆಲವು ಬಗೆಯ ದೋಷಗಳ ಪ್ರಮಾಣ ಉಳಿದ ಭಾಗಗಳಿಗಿಂತ ಡ್ರೈವರುಗಳಲ್ಲಿ ಮೂರರಿಂದ ಏಳು ಪಟ್ಟು ಹೆಚ್ಚಾಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಡ್ರೈವರ್ ಬರೆಯುವವರು ಆ ಸಾಧನವನ್ನು ಬಲ್ಲರು, ಕರ್ನೆಲ್‌ನ ಒಳಮರ್ಮವನ್ನು ಅಷ್ಟಾಗಿ ಅರಿಯರು. ಒಂದು ಡ್ರೈವರನ್ನು ನಕಲು ಮಾಡಿ ಇನ್ನೊಂದನ್ನು ಬರೆಯುವುದು ಸಾಮಾನ್ಯ. ಮೂಲದಲ್ಲಿದ್ದ ತಪ್ಪು ನಕಲಿನಲ್ಲಿಯೂ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಿದ್ದುವವನ ಬಳಿಯಾಗಲಿ ಓದಿ ಒಪ್ಪುವವನ ಬಳಿಯಾಗಲಿ ಅನೇಕ ಸಲ ಆ ಸಾಧನ ಇರುವುದಿಲ್ಲ. ಓಡಿಸಿ ನೋಡಲಾಗದ ಕಡೆ ಓದುವುದೊಂದೇ ದಾರಿ.

ಹತ್ತು ವರ್ಷಗಳ ನಂತರ, 2011ರಲ್ಲಿ, ಫ್ರಾನ್ಸಿನ ಸಂಶೋಧಕರ ತಂಡವೊಂದು ಇದೇ ಅಧ್ಯಯನವನ್ನು ಮತ್ತೆ ನಡೆಸಿತು. ಒಟ್ಟು ಸಂಖ್ಯೆಯಲ್ಲಿ ದೋಷಗಳು ಡ್ರೈವರುಗಳಲ್ಲಿಯೇ ಹೆಚ್ಚಿದ್ದರೂ, ಸಾಲುಗಳ ಲೆಕ್ಕಕ್ಕೆ ಹೋಲಿಸಿದಾಗ ಅವು ಇಳಿದಿದ್ದವು. ಮೊದಲ ಸ್ಥಾನ ಕರ್ನೆಲ್‌ನ ಬೇರೊಂದು ಭಾಗಕ್ಕೆ ಹೋಗಿತ್ತು. ಈ ನಡುವಿನ ಹತ್ತು ವರ್ಷಗಳಲ್ಲಿಯೇ ದೋಷ ಹುಡುಕುವ ಉಪಕರಣಗಳೂ ಪರಿಶೀಲನೆಯ ಕಟ್ಟುಪಾಡುಗಳೂ ಬೆಳೆದವು ಎಂಬುದು ಗಮನಾರ್ಹ.

ಶುಚಿ ಮಾಡುವಾಗ ಆಗುವ ಅನಾಹುತ

ಶುಚಿಗೊಳಿಸುವ ತಿದ್ದುಪಡಿ ಎಂದರೆ ತಂತ್ರಾಂಶ ಮಾಡುವ ಕೆಲಸವನ್ನು ಬದಲಿಸದೆ ಬರವಣಿಗೆಯನ್ನು ಮಾತ್ರ ಒಪ್ಪ ಮಾಡುವುದು. ಕಾಗುಣಿತ ತಿದ್ದುವುದು, ಸಾಲುಗಳ ಅಂಚು ಸರಿಪಡಿಸುವುದು, ಬಳಕೆಯಿಲ್ಲದ ಚರವನ್ನು ತೆಗೆಯುವುದು, ಹಳೆಯ ಕ್ರಮದ ಬದಲು ಹೊಸ ಕ್ರಮವನ್ನು ಬಳಸುವುದು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಕೇಳಲು ನಿರಪಾಯ. ಆದರೆ ಎರಡು ಉದಾಹರಣೆಗಳನ್ನು ನೋಡಿ.

ಒಂದು ಡ್ರೈವರಿನಲ್ಲಿ ಸಾಧನದ ರಿಜಿಸ್ಟರ್ ಒಂದನ್ನು ಓದಿ, ಬಂದ ಬೆಲೆಯನ್ನು ಒಂದು ಚರದಲ್ಲಿ ಇಡಲಾಗಿದೆ. ಆ ಚರವನ್ನು ಮುಂದೆ ಎಲ್ಲಿಯೂ ಬಳಸಿಲ್ಲ. ಹೊಸಬನೊಬ್ಬ ಇದು ವ್ಯರ್ಥವೆಂದು ಇಡೀ ಸಾಲನ್ನು ತೆಗೆದುಹಾಕುತ್ತಾನೆ. ಆದರೆ ಅನೇಕ ಸಾಧನಗಳಲ್ಲಿ ರಿಜಿಸ್ಟರನ್ನು ಓದುವುದೇ ಒಂದು ಕೆಲಸ. ಓದಿದೊಡನೆ ಸಾಧನ ಕೊಟ್ಟಿದ್ದ ಕರೆ, ಎಂದರೆ ಇಂಟರಪ್ಟ್, ಶಮನವಾಗುತ್ತದೆ. ಓದದಿದ್ದರೆ ಸಾಧನ ಕರೆಯುತ್ತಲೇ ಇರುತ್ತದೆ, ಯಂತ್ರ ಅದಕ್ಕೆ ಓಗೊಡುತ್ತಲೇ ಇರುತ್ತದೆ. ಬೇರೆ ಕೆಲಸ ನಿಲ್ಲುತ್ತದೆ. ಇಲ್ಲಿ ಚರ ವ್ಯರ್ಥವಾಗಿತ್ತು, ಓದು ವ್ಯರ್ಥವಾಗಿರಲಿಲ್ಲ.

ಎರಡನೆಯದು ಬಿಡುಗಡೆಯ ಕ್ರಮಕ್ಕೆ ಸಂಬಂಧಿಸಿದ್ದು. ಡ್ರೈವರ್ ಕೆಲಸ ಆರಂಭಿಸುವಾಗ ಸ್ಮೃತಿಯಲ್ಲಿ ಜಾಗ, ವಿದ್ಯುತ್, ಗಡಿಯಾರದ ಮಿಡಿತ, ಇಂಟರಪ್ಟ್ ಹೀಗೆ ಒಂದೊಂದನ್ನೇ ಪಡೆಯುತ್ತದೆ. ಮುಗಿಸುವಾಗ ಅವನ್ನು ತಿರುಗಾಮುರುಗಾ ಕ್ರಮದಲ್ಲಿ ಹಿಂದಿರುಗಿಸಬೇಕು. ಬಾವಿಯ ಪಂಪ್‌ಸೆಟ್ ಬಿಚ್ಚುವವರು ಮೊದಲು ವಿದ್ಯುತ್ ತೆಗೆದು ಆಮೇಲೆ ಮೋಟಾರಿಗೆ ಕೈಹಚ್ಚುತ್ತಾರೆ. ಕ್ರಮ ತಪ್ಪಿದರೆ ಜೀವಕ್ಕೇ ಅಪಾಯ. 2007ರಲ್ಲಿ ಲಿನಕ್ಸ್‌ಗೆ ಒಂದು ಸೌಕರ್ಯ ಸೇರಿತು. ಡ್ರೈವರ್ ಪಡೆದುದನ್ನೆಲ್ಲ ಕರ್ನೆಲ್ ತಾನೇ ನೆನಪಿಟ್ಟುಕೊಂಡು ಕೊನೆಯಲ್ಲಿ ತಾನೇ ಹಿಂದಿರುಗಿಸುವ ಏರ್ಪಾಡು ಅದು. ಹಳೆಯ ಡ್ರೈವರುಗಳನ್ನು ಈ ಕ್ರಮಕ್ಕೆ ಬದಲಿಸುವುದು ಜನಪ್ರಿಯವಾದ ಶುಚಿಕಾರ್ಯವಾಯಿತು. ಹತ್ತು ಸಾಲು ಕಡಿಮೆಯಾಗುತ್ತದೆ, ನೋಡಲು ಚೆನ್ನಾಗಿರುತ್ತದೆ.

ಆದರೆ ಎಲ್ಲವನ್ನೂ ಬದಲಿಸದೆ ಇಂಟರಪ್ಟನ್ನು ಮಾತ್ರ ಹೊಸ ಕ್ರಮಕ್ಕೆ ಬದಲಿಸಿದರೆ ಏನಾಗುತ್ತದೆ? ಮೊದಲು ಡ್ರೈವರ್ ಇಂಟರಪ್ಟನ್ನು ಬಿಟ್ಟು ಆಮೇಲೆ ಗಡಿಯಾರವನ್ನು ನಿಲ್ಲಿಸುತ್ತಿತ್ತು. ಈಗ ಗಡಿಯಾರ ಮೊದಲು ನಿಲ್ಲುತ್ತದೆ, ಡ್ರೈವರಿನ ಕೆಲಸವೆಲ್ಲ ಮುಗಿದ ಮೇಲೆ ಕರ್ನೆಲ್ ಇಂಟರಪ್ಟನ್ನು ಬಿಡುತ್ತದೆ. ಈ ಎರಡರ ನಡುವಿನ ಕ್ಷಣದಲ್ಲಿ ಒಂದು ಕರೆ ಬಂದರೆ, ಗಡಿಯಾರ ನಿಂತ ಸಾಧನವನ್ನು ಮುಟ್ಟಲು ಹೋಗಿ ಯಂತ್ರ ಬಿದ್ದುಹೋಗಬಹುದು. ಸಾವಿರ ಸಲದಲ್ಲಿ ಒಮ್ಮೆ ಮಾತ್ರ ಕಾಣುವ ಇಂಥ ದೋಷ ಪರೀಕ್ಷೆಯಲ್ಲಿ ಸಿಕ್ಕುವುದು ಅಪರೂಪ. ತಿದ್ದುಪಡಿಯ ನಾಲ್ಕು ಸಾಲುಗಳನ್ನಷ್ಟೇ ಓದದೆ, ಅದರ ಮೇಲೆ ಕೆಳಗೆ ಇರುವ ಭಾಗವನ್ನೂ ಓದಿದವರಿಗೆ ಮಾತ್ರ ಸಿಕ್ಕುತ್ತದೆ.

ಡ್ರೈವರಿನ ಹೊರಗಿನ ಒಂದು ಪ್ರಸಂಗ ಈ ಮಾತನ್ನು ಜಗತ್ತಿಗೇ ಮನದಟ್ಟು ಮಾಡಿಸಿತು. ಗುಪ್ತಲಿಪಿಯ ತಂತ್ರಾಂಶವಾದ ಓಪನ್ ಎಸ್‌ಎಸ್‌ಎಲ್‌ನ ಎರಡು ಸಾಲುಗಳ ಬಗ್ಗೆ ದೋಷ ಹುಡುಕುವ ಉಪಕರಣವೊಂದು ಎಚ್ಚರಿಕೆ ಕೊಡುತ್ತಿತ್ತು. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಆ ಸಾಲುಗಳನ್ನು ತೆಗೆಯಲಾಯಿತು. ಎಚ್ಚರಿಕೆ ನಿಂತಿತು. ಜೊತೆಗೆ, ಗುಪ್ತ ಕೀಲಿಗಳನ್ನು ಊಹಿಸಲಾಗದಂತೆ ಮಾಡುವ ಯಾದೃಚ್ಛಿಕತೆಯೂ ಹೊರಟುಹೋಯಿತು. ಒಂದೊಂದು ಬಗೆಯ ಕೀಲಿಗೆ 32,768 ಸಾಧ್ಯತೆಗಳು ಮಾತ್ರ ಉಳಿದವು. ಗಣಕಯಂತ್ರಕ್ಕೆ ಅಷ್ಟನ್ನು ಹುಡುಕುವುದು ಆಟದ ಮಾತು. ಇದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. ಬದಲಿಸಿದವರು ಮೂಲ ತಂಡದವರನ್ನು ವಿಚಾರಿಸದೆ ಇರಲಿಲ್ಲ. ಆದರೆ ಪೂರ್ಣ ತಿದ್ದುಪಡಿಯನ್ನು ಮುಂದಿಟ್ಟುಕೊಂಡು, ಆ ಸಾಲು ಅಲ್ಲಿ ಏಕಿದೆ ಎಂದು ಕೊನೆಯವರೆಗೆ ಕೇಳುವ ಕೆಲಸ ನಡೆಯಲಿಲ್ಲ.

ಕಟ್ಟುಪಾಡುಗಳು ಬಂದ ಬಗೆ

2003ರ ನವೆಂಬರಿನಲ್ಲಿ ಲಿನಕ್ಸ್‌ನ ಮೂಲದ ಒಂದು ಪ್ರತಿಯಿದ್ದ ಯಂತ್ರಕ್ಕೆ ಯಾರೋ ನುಗ್ಗಿ ಎರಡು ಸಾಲು ಸೇರಿಸಿದರು. ಮೇಲ್ನೋಟಕ್ಕೆ ಅದು ಸಾಮಾನ್ಯ ತಪಾಸಣೆಯಂತೆ ಕಾಣುತ್ತಿತ್ತು. ಆದರೆ ಹೋಲಿಕೆ ಮಾಡುವ ಎರಡು ಸಮಚಿಹ್ನೆಗಳ ಜಾಗದಲ್ಲಿ ಒಂದೇ ಸಮಚಿಹ್ನೆ ಇತ್ತು. ಸಿ ಭಾಷೆಯಲ್ಲಿ ಒಂದು ಸಮಚಿಹ್ನೆಯ ಅರ್ಥ ಹೋಲಿಸು ಎಂದಲ್ಲ, ಬೆಲೆಯನ್ನು ಇಡು ಎಂದು. ಹೀಗಾಗಿ ಆ ಸಾಲು ಸಾಮಾನ್ಯ ಬಳಕೆದಾರನಿಗೆ ಯಂತ್ರದ ಪೂರ್ಣ ಅಧಿಕಾರವನ್ನು ಕೊಟ್ಟುಬಿಡುತ್ತಿತ್ತು. ಮೂಲಪ್ರತಿಯೊಂದಿಗೆ ತಾಳೆ ನೋಡಿದಾಗ ಆ ಬದಲಾವಣೆಗೆ ಒಪ್ಪಿಗೆಯ ದಾಖಲೆಯೇ ಇಲ್ಲವೆಂಬುದು ಗೊತ್ತಾಗಿ ಮೋಸ ಬಯಲಾಯಿತು.

ಅದೇ ವರ್ಷ ಎಸ್‌ಸಿಒ ಎಂಬ ಕಂಪನಿ, ಲಿನಕ್ಸ್‌ನಲ್ಲಿ ತನ್ನ ಸ್ವತ್ತು ಸೇರಿದೆ ಎಂದು ಐಬಿಎಂ ಮೇಲೆ ದಾವೆ ಹೂಡಿತ್ತು. ಯಾವ ಸಾಲು ಯಾರಿಂದ ಬಂತು ಎಂದು ತೋರಿಸುವುದು ಅನಿವಾರ್ಯವಾಯಿತು. 2004ರಿಂದ ಪ್ರತಿ ತಿದ್ದುಪಡಿಯ ಕೆಳಗೆ ಬರೆದವರು ಮತ್ತು ಅದನ್ನು ಮುಂದೆ ಸಾಗಿಸಿದವರು ತಮ್ಮ ಹೆಸರು ಬರೆದು ಸಹಿ ಮಾಡುವ ರೂಢಿ ಬಂತು. 2005ರ ಏಪ್ರಿಲಿನಲ್ಲಿ ಟೊರ್ವಾಲ್ಡ್ಸ್ ರೂಪಿಸಿದ 'ಗಿಟ್' ಎಂಬ ಉಪಕರಣ ಪ್ರತಿಯೊಂದು ಬದಲಾವಣೆಯನ್ನೂ ಅದರ ಕಾರಣದೊಂದಿಗೆ ಶಾಶ್ವತವಾಗಿ ದಾಖಲಿಸತೊಡಗಿತು. ಓದಿ ಒಪ್ಪಿದವರ ಹೆಸರನ್ನು ಬೇರೆಯಾಗಿ ನಮೂದಿಸುವ ಪದ್ಧತಿಯೂ ಮುಂದೆ ಸೇರಿತು. ಉತಾರದ ಮೂರು ಪ್ರಶ್ನೆಗಳಿಗೆ ಇಲ್ಲಿಯೂ ಜಾಗ ದೊರೆತದ್ದು ಹೀಗೆ.

ಬರವಣಿಗೆಯ ಶೈಲಿಯನ್ನು ತಾನೇ ಪರೀಕ್ಷಿಸುವ 'ಚೆಕ್‌ಪ್ಯಾಚ್' ಎಂಬ ಉಪಕರಣ 2007ರಲ್ಲಿ ಬಂತು. 2008ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅವರು ಇನ್ನೂ ಒಪ್ಪವಾಗದ ಡ್ರೈವರುಗಳಿಗಾಗಿ 'ಸ್ಟೇಜಿಂಗ್' ಎಂಬ ಪ್ರತ್ಯೇಕ ವಿಭಾಗ ತೆರೆದರು. ಹೊಸಬರು ಅಲ್ಲಿ ಕೈ ಪಳಗಿಸಿಕೊಳ್ಳಬಹುದು. ಒಂದೇ ಬಗೆಯ ತಿದ್ದುಪಡಿಯನ್ನು ನೂರಾರು ಡ್ರೈವರುಗಳಲ್ಲಿ ಒಮ್ಮೆಗೇ ಮಾಡುವ 'ಕಾಕ್ಸಿನೆಲ್' ಎಂಬ ಉಪಕರಣವೂ ಇದೇ ಕಾಲದ್ದು. ಇದನ್ನು ಬೆಳೆಸಿದವರಲ್ಲಿ ಜೂಲಿಯಾ ಲಾವಾಲ್ ಪ್ರಮುಖರು.

ಇವೆಲ್ಲದರ ಜೊತೆಗೆ ಕೆಲವು ಬರೆದ ನಿಯಮಗಳೂ ಬೆಳೆದವು. ಒಂದು ತಿದ್ದುಪಡಿಯಲ್ಲಿ ಒಂದೇ ಬದಲಾವಣೆ ಇರಬೇಕು. ಶೈಲಿಯ ಬದಲಾವಣೆಯನ್ನೂ ಕೆಲಸದ ಬದಲಾವಣೆಯನ್ನೂ ಬೆರೆಸಬಾರದು. ಬೆರೆಸಿದರೆ ಮುಖ್ಯವಾದ ಒಂದು ಸಾಲು ಅಂಚು ಸರಿಪಡಿಸಿದ ಐವತ್ತು ಸಾಲುಗಳ ನಡುವೆ ಅಡಗಿಬಿಡುತ್ತದೆ. ಏನು ಮಾಡಿದೆ ಎನ್ನುವುದಕ್ಕಿಂತ ಏಕೆ ಮಾಡಿದೆ ಎಂದು ಬರೆಯಬೇಕು. ಸಾಧನವಿಲ್ಲದೆ ಕಂಪೈಲ್ ಮಾತ್ರ ಮಾಡಿ ನೋಡಿದ್ದರೆ ಅದನ್ನು ಬಚ್ಚಿಡದೆ ಹೇಳಬೇಕು. ಸರಿಯಾಗಿ ನಡೆಯುತ್ತಿರುವ ಹಳೆಯ ಡ್ರೈವರನ್ನು ಅಂದಕ್ಕಾಗಿ ಮಾತ್ರ ಕೆದಕುವುದನ್ನು ಅನೇಕ ನಿರ್ವಾಹಕರು ಒಪ್ಪುವುದಿಲ್ಲ. ಅದಕ್ಕೂ ಕಾರಣವಿದೆ. ಒಂದೊಂದು ಆವೃತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳು ಬರುತ್ತವೆ. ಓದುವವರ ಹೊತ್ತು ಅಷ್ಟು ಬೆಳೆಯುವುದಿಲ್ಲ.

ನಂಬಿಕೆಗೆ ಬಂದ ಪರೀಕ್ಷೆ

ಈ ಪದ್ಧತಿಯ ಅಡಿಪಾಯ ನಂಬಿಕೆ. ಅದಕ್ಕೆ ದೊಡ್ಡ ಪರೀಕ್ಷೆ ಬಂದದ್ದು 2021ರಲ್ಲಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು, ಸಣ್ಣ ದೋಷವನ್ನು ತಿದ್ದುವಂತೆ ಕಾಣಿಸಿಕೊಂಡು ಒಳಗೊಳಗೆ ದೊಡ್ಡ ದೋಷವನ್ನು ತರುವ ತಿದ್ದುಪಡಿಗಳನ್ನು ಬೇಕೆಂದೇ ಕಳಿಸಿ, ಪರಿಶೀಲಕರು ಹಿಡಿಯುತ್ತಾರೋ ಇಲ್ಲವೋ ಎಂದು ಪ್ರಯೋಗ ಮಾಡಿದ್ದು ವಿವಾದಕ್ಕೆ ಕಾರಣವಾಯಿತು. ಆ ವರ್ಷದ ಏಪ್ರಿಲಿನಲ್ಲಿ ಕ್ರೋವಾ-ಹಾರ್ಟ್‌ಮನ್ ಅವರು ಆ ವಿಶ್ವವಿದ್ಯಾಲಯದ ಕೊಡುಗೆಗಳನ್ನೇ ತಡೆಹಿಡಿದರು. ಪ್ರಬಂಧವನ್ನು ಹಿಂದೆಗೆದುಕೊಳ್ಳಲಾಯಿತು. ಪ್ರಯೋಗದ ಕೆಟ್ಟ ತಿದ್ದುಪಡಿಗಳು ಮೂಲವನ್ನು ಸೇರಿರಲಿಲ್ಲ. ಆದರೂ ಅಲ್ಲಿಂದ ಹಿಂದೆ ಬಂದಿದ್ದ ನೂರಾರು ಬದಲಾವಣೆಗಳನ್ನು ಮತ್ತೆ ಕುಳಿತು ಓದಬೇಕಾಯಿತು. ಬಹುಪಾಲು ಸರಿಯಾಗಿಯೇ ಇದ್ದವು. ಯಾರದೋ ಒಂದು ಪ್ರಯೋಗಕ್ಕಾಗಿ, ಆ ಸಂಸ್ಥೆಯಿಂದ ಪ್ರಾಮಾಣಿಕವಾಗಿ ಕೆಲಸ ಮಾಡಿದವರ ಹೆಸರೂ ಅನುಮಾನಕ್ಕೆ ಒಳಗಾಯಿತು. ನಷ್ಟ ಯಾವುದು ಎಂದು ವಿದ್ಯಾರ್ಥಿಗಳು ಇಲ್ಲಿ ಯೋಚಿಸಬೇಕು.

ಕರ್ನಾಟಕದ ಪಾಲು

ಈ ಇತಿಹಾಸ ದೂರದ ದೇಶಗಳಲ್ಲಿಯೇ ನಡೆದುದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಮುಂದೆ ಅದರ ಚಿಪ್‌ಗಳ ಲಿನಕ್ಸ್ ಡ್ರೈವರುಗಳಲ್ಲಿ ಬೆಂಗಳೂರಿನ ಇಂಜಿನಿಯರುಗಳ ಕೈವಾಡ ಬಹಳ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಅಗಲದ ಗಣಕಯಂತ್ರವನ್ನು ಜನರ ಮುಂದಿಟ್ಟರು. ಸ್ಪರ್ಶಪರದೆ, ಸ್ಮಾರ್ಟ್ ಕಾರ್ಡ್ ಇದ್ದ ಅದು ನಡೆಯುತ್ತಿದ್ದುದು ಲಿನಕ್ಸ್ ಮೇಲೆ. ಅದು ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಆದರೆ ಮುಕ್ತವಾಗಿ ದೊರೆತ ಕಾರ್ಯಾಚರಣ ವ್ಯವಸ್ಥೆಯನ್ನು ನಮ್ಮವರೇ ಕಟ್ಟಿದ ಸಾಧನಕ್ಕೆ ಹೊಂದಿಸಬಹುದು ಎಂಬುದನ್ನು ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಆರಂಭವಾದ ಲಿನಕ್ಸ್ ಸಮ್ಮೇಳನ 2005ರಿಂದ ಬೇರೆ ಹೆಸರಿನಲ್ಲಿ ಮುಂದುವರಿದು, ಬಳಸುವವರನ್ನು ಬರೆಯುವವರನ್ನಾಗಿ ಮಾಡಲು ಯತ್ನಿಸಿತು.

ಹಾಗಾದರೆ ಬೈಲಹೊಂಗಲದ ಅಥವಾ ರಾಮದುರ್ಗದ ಕಾಲೇಜಿನಲ್ಲಿ ಕಲಿಯುವವರಿಗೆ ಇದರಲ್ಲಿ ಏನಿದೆ? ಬೆಲೆಬಾಳುವ ಪ್ರಯೋಗಾಲಯವಿಲ್ಲ, ದೊಡ್ಡ ಕಂಪನಿಯ ನೆರೆಯಿಲ್ಲ. ಆದರೆ ಲಿನಕ್ಸ್‌ನ ಮೂಲ ಬೆಂಗಳೂರಿನವರಿಗೆ ಎಷ್ಟು ತೆರೆದಿದೆಯೋ ಕಿತ್ತೂರಿನವರಿಗೂ ಅಷ್ಟೇ ತೆರೆದಿದೆ. ಸಾಧಾರಣ ಗಣಕಯಂತ್ರವೊಂದರಲ್ಲಿ ಅದನ್ನು ಇಳಿಸಿಕೊಂಡು ಓದಬಹುದು. ಅದರ ದಾಖಲೆಯಲ್ಲಿ ಹೆಸರು ಬರಲು ಊರು, ಪದವಿ ಯಾವುದನ್ನೂ ಕೇಳುವುದಿಲ್ಲ. ಕೇಳುವುದು ಒಂದನ್ನೇ: ಈ ಬದಲಾವಣೆ ಸರಿಯೆಂದು ನಿನಗೆ ಹೇಗೆ ಗೊತ್ತು?

ಆ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸವನ್ನು ತಿದ್ದುಪಡಿ ಬರೆಯುವುದರಿಂದಲ್ಲ, ಓದುವುದರಿಂದ ಆರಂಭಿಸುವುದು ಒಳ್ಳೆಯದು. ಈಗಾಗಲೇ ಸೇರಿರುವ ಒಂದು ಸಣ್ಣ ತಿದ್ದುಪಡಿಯನ್ನು ಗೆಳೆಯರಿಬ್ಬರು ಆರಿಸಿಕೊಳ್ಳಿ. ತೆಗೆದ ಸಾಲು ಅಲ್ಲಿ ಮೊದಲು ಏಕೆ ಬಂದಿತ್ತು ಎಂದು ಗಿಟ್‌ನ ದಾಖಲೆಯಲ್ಲಿ ಹುಡುಕಿ. ಆ ಸಾಲು ಇಲ್ಲದಿದ್ದರೆ ಸಾಧನಕ್ಕೆ ಏನಾದೀತು ಎಂದು ಕೇಳಿಕೊಳ್ಳಿ. ಪಡೆದುದನ್ನೆಲ್ಲ ತಿರುಗಾಮುರುಗಾ ಕ್ರಮದಲ್ಲಿ ಬಿಡಲಾಗಿದೆಯೇ, ಮಧ್ಯದಲ್ಲಿ ಸೋತು ಹೊರಬರುವ ದಾರಿಯಲ್ಲಿಯೂ ಆ ಕ್ರಮ ಉಳಿದಿದೆಯೇ ಎಂದು ಬೆರಳಿಟ್ಟು ನೋಡಿ. ವಿವರಣೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಿನ ಬದಲಾವಣೆ ಒಳಗಿದೆಯೇ ಎಂದು ತಾಳೆ ಹಾಕಿ. ಒಬ್ಬರು ತಿದ್ದುಪಡಿಯ ಪರವಾಗಿ, ಇನ್ನೊಬ್ಬರು ವಿರುದ್ಧವಾಗಿ ವಾದಿಸಿ, ಇಬ್ಬರೂ ಒಪ್ಪಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಇಂಥ ಹತ್ತು ತಿದ್ದುಪಡಿಗಳನ್ನು ಓದಿ ಮುಗಿಸಿದ ಮೇಲೆ ಹನ್ನೊಂದನೆಯದನ್ನು ನೀವೇ ಬರೆಯಬಹುದು. ಅದರ ಕೆಳಗೆ ನಿಮ್ಮ ಹೆಸರನ್ನು ಧೈರ್ಯವಾಗಿ ಹಾಕಬಹುದು.